ಉಳಿದ ಬೈಟುಗಳ ಲೆಕ್ಕ

— ರೈಟ್ ಅನ್ನುವ ಸಿಸ್ಟಮ್ ಕಾಲ್‌ಗೆ ಒಂದು ಬಫರ್ ಕೊಟ್ಟರೆ ಅದನ್ನು ಫೈಲಿಗೋ ಸಾಕೆಟ್ಟಿಗೋ ಬರೆಯುತ್ತದೆ. ನನ್ನ ಹತ್ತಿರ ಮೂರು ಬಫರ್ ಇದ್ದರೆ ಮೂರು ಸಲ ಕರೆಯುತ್ತೇನೆ. ಅಲ್ಲಿಗೆ ಮುಗಿಯಿತು. ಹೀಗಿರುವಾಗ ರೈಟ್‌ವಿ ಅಂತ ಇನ್ನೊಂದು ಯಾಕೆ ಬೇಕಾಯಿತು?

— ಮುಗಿಯಿತೋ ಇಲ್ಲವೋ ಆಮೇಲೆ ನೋಡೋಣ. ಮೊದಲು ನಿನ್ನ ಮೂರು ಬಫರ್ ಯಾವುವು ಹೇಳು.

— ವೆಬ್ ಸರ್ವರ್ ಅಂತಿಟ್ಟುಕೊಳ್ಳಿ. 300 ಬೈಟಿನ ಹೆಡರ್. ಈಗ ಬಂದ ಕೋರಿಕೆಗೆಂದೇ ಕಟ್ಟಿದ್ದು. 8,192 ಬೈಟಿನ ಒಡಲು. ಅದು ಮೊದಲೇ ಕ್ಯಾಶ್‌ನಲ್ಲಿ ಕೂತಿದೆ, ನೂರಾರು ಜನರಿಗೆ ಅದೇ ಹೋಗುತ್ತದೆ. ಕೊನೆಗೆ ಸಾಲು ಮುಗಿಸುವ 2 ಬೈಟ್; ಅದು ಪ್ರೋಗ್ರಾಮಿನೊಳಗೇ ಸ್ಥಿರವಾಗಿ ಇರುವಂಥದ್ದು. ಮೆಮೊರಿಯಲ್ಲಿ ಮೂರೂ ಮೂರು ದಿಕ್ಕಿಗಿವೆ. ಹೊರಗೆ ಹೋಗುವಾಗ ಮಾತ್ರ ಒಂದರ ಬೆನ್ನಿಗೆ ಒಂದು, ನಡುವೆ ಸಂದಿಲ್ಲದೆ ಹೋಗಬೇಕು.

— ಒಳ್ಳೆಯ ಉದಾಹರಣೆಯನ್ನೇ ತೆಗೆದುಕೊಂಡೆ. ಮೂರು ರೈಟ್ ಅಂದರೆ ಮೂರು ಸಲ ಕರ್ನಲ್‌ನೊಳಕ್ಕೆ ಹೋಗಿ ಬರುವುದು. ಅದು ಬೇಡವೆಂದರೆ 8,494 ಬೈಟಿನ ಹೊಸ ಬಫರ್ ತೆಗೆದು, ಮೂರನ್ನೂ ಅದರೊಳಕ್ಕೆ ನಕಲು ಮಾಡಿ, ಒಂದೇ ಸಲ ಬರೆಯಬೇಕು. ಕ್ಯಾಶ್‌ನಲ್ಲಿ ಆರಾಮಾಗಿ ಇದ್ದ ಒಡಲನ್ನು ಒಬ್ಬೊಬ್ಬರಿಗೂ ಮತ್ತೆ ಮತ್ತೆ ನಕಲು ಮಾಡುವುದು. ಅದನ್ನು ಕರ್ನಲ್ ಹೇಗೂ ತನ್ನ ಪಾಲಿಗೆ ಇನ್ನೊಮ್ಮೆ ನಕಲು ಮಾಡಿಕೊಳ್ಳುತ್ತದೆ. ರೈಟ್‌ವಿ ಈ ಎರಡೂ ಬೇಡ ಅನ್ನುತ್ತದೆ. ಬಫರ್ ಕೊಡಬೇಡ, ಬಫರುಗಳ ಪಟ್ಟಿ ಕೊಡು. ಪಟ್ಟಿಯ ಒಂದೊಂದು ಸಾಲಿಗೂ ಐಒವೆಕ್ ಅಂತ ಹೆಸರು. ಅದರಲ್ಲಿ ಇರುವುದು ಎರಡೇ: ಎಲ್ಲಿಂದ, ಎಷ್ಟು. 64 ಬಿಟ್ ಯಂತ್ರದಲ್ಲಿ ವಿಳಾಸಕ್ಕೆ 8 ಬೈಟ್, ಉದ್ದಕ್ಕೆ 8 ಬೈಟ್. ದಿನಸಿ ಅಂಗಡಿಯಲ್ಲಿ ಚೀಟಿ ಕೊಡುತ್ತೇವಲ್ಲ, ಹಾಗೆ. ಈ ಮೂಟೆಯಿಂದ ಇಷ್ಟು, ಆ ಡಬ್ಬಿಯಿಂದ ಇಷ್ಟು. ಅಂಗಡಿಯವನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಕಟ್ಟಿ ಕೊಡುತ್ತಾನೆ.

— ಅಂಗಡಿಯವನು ಮೇಲಿನಿಂದಲೇ ಓದುತ್ತಾನೆ ಅಂತ ಏನು ಖಾತ್ರಿ? ಕೈಗೆ ಹತ್ತಿರ ಇದ್ದದ್ದನ್ನು ಮೊದಲು ತೂಗುತ್ತಾನೆ.

— ಕರ್ನಲ್ ಹಾಗೆ ಮಾಡುವಂತಿಲ್ಲ. ಮೊದಲ ಬಫರ್ ಪೂರ್ತಿ ಮುಗಿಯುವ ತನಕ ಎರಡನೆಯದಕ್ಕೆ ಕೈ ಹಾಕುವುದಿಲ್ಲ ಅನ್ನುವುದು ಕರಾರು. ರೀಡ್‌ವಿಯಲ್ಲೂ ಇದೇ, ದಿಕ್ಕು ಮಾತ್ರ ಉಲ್ಟಾ. ಒಳಗೆ ಬಂದ ಬೈಟುಗಳು ಮೊದಲ ಬಫರನ್ನು ತುಂಬಿ, ಉಕ್ಕಿದ್ದು ಎರಡನೆಯದಕ್ಕೆ, ಅಲ್ಲೂ ಉಕ್ಕಿದ್ದು ಮೂರನೆಯದಕ್ಕೆ.

— ಇದು ಲಿನಕ್ಸ್‌ನವರ ಆಲೋಚನೆಯೇ?

— ಅಲ್ಲ, ಲಿನಕ್ಸ್ ಹುಟ್ಟುವ ಎಷ್ಟೋ ಮೊದಲಿನದು. 1983ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಬಿದ್ದ 4.2 ಬಿಎಸ್‌ಡಿ ಯೂನಿಕ್ಸ್‌ನಲ್ಲಿ ರೀಡ್‌ವಿ, ರೈಟ್‌ವಿ ಮೊದಲು ಕಾಣಿಸಿದವು. ಸಾಕೆಟ್ ಅನ್ನುವುದು ಬಂದದ್ದೂ ಅದೇ ಆವೃತ್ತಿಯಲ್ಲಿ. ಎರಡೂ ಜೊತೆಗೆ ಬಂದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ನೆಟ್‌ವರ್ಕಿನಲ್ಲಿ ಪ್ರತಿಯೊಂದು ಪದರವೂ ತನ್ನದೊಂದು ಹೆಡರನ್ನು ಮುಂದೆ ಅಂಟಿಸುತ್ತದೆ. ಹೆಡರ್ ಒಂದು ಕಡೆ, ಸರಕು ಇನ್ನೊಂದು ಕಡೆ ಅನ್ನುವುದು ಅಲ್ಲಿ ದಿನನಿತ್ಯದ ಪಾಡು. ಬಿಎಸ್‌ಡಿ ಕರ್ನಲ್ ತನ್ನೊಳಗೆ ಪ್ಯಾಕೆಟ್‌ಗಳನ್ನು ಎಂಬಫ್ ಎಂಬ ಚಿಕ್ಕ ತುಂಡುಗಳ ಸರಪಳಿಯಾಗಿಯೇ ಇಟ್ಟುಕೊಳ್ಳುತ್ತಿತ್ತು. ಸೆಂಡ್‌ಮೆಸೇಜ್, ರಿಸೀವ್‌ಮೆಸೇಜ್ ಕಾಲ್‌ಗಳ ಒಳಗೆ ಇಣುಕಿದರೆ ಅಲ್ಲೂ ಇದೇ ಐಒವೆಕ್ ಪಟ್ಟಿ.

— ಅಂದರೆ ಬರ್ಕ್ಲಿಯವರದೇ ಮೂಲ.

— ಯೂನಿಕ್ಸ್‌ನ ಮಟ್ಟಿಗೆ. ಆಲೋಚನೆ ಇನ್ನೂ ಹಳೆಯದು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಯಂತ್ರದಲ್ಲಿ ಟೇಪು, ಡಿಸ್ಕುಗಳ ಜೊತೆ ವ್ಯವಹರಿಸಲು ಚಾನೆಲ್ ಎಂಬ ಪ್ರತ್ಯೇಕ ಭಾಗವಿತ್ತು. ಅದಕ್ಕೆ ಕೊಡುತ್ತಿದ್ದ ಆಜ್ಞೆಯ ಪದ ಒಂದೊಂದೂ 8 ಬೈಟಿನದು. ಅದರಲ್ಲಿ ಮೆಮೊರಿ ವಿಳಾಸ, ಎಷ್ಟು ಬೈಟ್ ಅನ್ನುವ ಎಣಿಕೆ, ಜೊತೆಗೆ ಒಂದು ಬಾವುಟದ ಬಿಟ್. ಆ ಬಿಟ್ ಎದ್ದಿದ್ದರೆ, ಈ ಜಾಗದ ಲೆಕ್ಕ ಮುಗಿದ ಮೇಲೆ ಕೆಲಸ ನಿಲ್ಲಿಸಬೇಡ, ಮುಂದಿನ ಪದದಲ್ಲಿರುವ ಜಾಗಕ್ಕೆ ಹೋಗು ಎಂದರ್ಥ. ಟೇಪಿನ ಒಂದೇ ದಾಖಲೆಯನ್ನು ಮೆಮೊರಿಯ ಹತ್ತು ಕಡೆಗೆ ಹಂಚಬಹುದಿತ್ತು. ಈಗಿನ ನೆಟ್‌ವರ್ಕ್ ಕಾರ್ಡು, ಡಿಸ್ಕ್ ನಿಯಂತ್ರಕಗಳೂ ಇಂಥ ಪಟ್ಟಿಗಳನ್ನೇ ಓದುತ್ತವೆ. ನಿನ್ನ ಲಿನಕ್ಸ್ ಯಂತ್ರದಲ್ಲಿ ಎಥ್‌ಟೂಲ್ ಓಡಿಸಿ ಕಾರ್ಡಿನ ಸೌಲಭ್ಯಗಳನ್ನು ಕೇಳಿದರೆ ಸ್ಕ್ಯಾಟರ್ ಗ್ಯಾದರ್ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಮೇಲೆ ಪ್ರೋಗ್ರಾಮೂ ಪಟ್ಟಿಯಲ್ಲಿ ಯೋಚಿಸುತ್ತದೆ, ಕೆಳಗೆ ಯಂತ್ರವೂ ಪಟ್ಟಿಯಲ್ಲಿ ಯೋಚಿಸುತ್ತದೆ. ನಡುವೆ ಒಂದೇ ಉದ್ದನೆಯ ಬಫರ್ ಬೇಕೆಂದು ಹಟ ಹಿಡಿದಿದ್ದು ರೀಡ್ ಮತ್ತು ರೈಟ್ ಮಾತ್ರ.

— ಸರಿ, ಇತಿಹಾಸ ಆಯಿತು. ಕೊನೆಗೆ ಇದು ವೇಗದ ಪ್ರಶ್ನೆ ತಾನೇ? ಮೂರು ಕರೆಯ ಬದಲು ಒಂದು.

— ಎಲ್ಲರೂ ಹಾಗೇ ಹೇಳುತ್ತಾರೆ. ಅದು ಅರ್ಧ ನಿಜ. ಸಿಸ್ಟಮ್ ಕಾಲ್‌ಗೆ ಬೆಲೆ ಇದೆ, ಹೌದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ದೋಷ ಬಯಲಾದ ಮೇಲೆ, ಬಾಧಿತ ಪ್ರೊಸೆಸರುಗಳಲ್ಲಿ ಕರ್ನಲ್‌ನ ಪೇಜ್ ಟೇಬಲ್ಲನ್ನು ಪ್ರೋಗ್ರಾಮಿನದರಿಂದ ಬೇರ್ಪಡಿಸಬೇಕಾಗಿ ಬಂದು, ಒಳಗೆ ಹೋಗಿ ಬರುವ ಬೆಲೆ ಇನ್ನೂ ಏರಿತು. ಆದರೆ ಪಟ್ಟಿಗೂ ಬೆಲೆ ಇದೆ. ಕರ್ನಲ್ ಮೊದಲು ಆ ಪಟ್ಟಿಯನ್ನು ತನ್ನ ಕಡೆಗೆ ನಕಲು ಮಾಡಿಕೊಳ್ಳಬೇಕು. ಒಂದೊಂದು ಸಾಲಿನ ವಿಳಾಸವೂ ಪ್ರೋಗ್ರಾಮಿನ ವ್ಯಾಪ್ತಿಯೊಳಗೇ ಇದೆಯೇ ಅಂತ ಪರೀಕ್ಷಿಸಬೇಕು. ಲಿನಕ್ಸ್‌ನಲ್ಲಿ 8 ಸಾಲುಗಳ ತನಕ ಸ್ಟ್ಯಾಕ್ ಮೇಲೇ ಜಾಗ ಇಟ್ಟಿರುತ್ತಾರೆ. ಅದಕ್ಕಿಂತ ಉದ್ದದ ಪಟ್ಟಿ ಬಂದರೆ ಬೇರೆ ಮೆಮೊರಿ ಬೇಡಬೇಕು. ಹತ್ತು ಬೈಟಿನ ಪದಗಳಿಗೆಲ್ಲ ಒಂದೊಂದು ಐಒವೆಕ್ ಕಟ್ಟುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹೊರಬೇಕಾದ ಸರಕು ಹತ್ತು ಬೈಟು, ಅದರ ಚೀಟಿ ಹದಿನಾರು! ಅಂಥದ್ದನ್ನೆಲ್ಲ ಒಂದು ಬಫರಿಗೆ ಸುರಿದು ಒಂದು ರೈಟ್ ಮಾಡುವುದೇ ಜಾಣತನ.

— ಹಾಗಾದರೆ ದೊಡ್ಡ ತುಂಡುಗಳಿಗೆ ಮಾತ್ರ ರೈಟ್‌ವಿ.

— ದೊಡ್ಡ ತುಂಡಿನ ಜೊತೆ ಸಣ್ಣ ತುಂಡು ಇದ್ದಾಗ. ನೆಟ್‌ವರ್ಕ್ ಬಂದರೆ ಲೆಕ್ಕ ಇನ್ನೊಂದು ಥರ ತಿರುಗುತ್ತದೆ. ಅಲ್ಲಿ ಉಳಿಯುವುದು ನ್ಯಾನೊಸೆಕೆಂಡ್ ಅಲ್ಲ, ಮಿಲಿಸೆಕೆಂಡ್. 1984ರಲ್ಲಿ ಜಾನ್ ನೇಗಲ್ ಅವರು ಆರ್‌ಎಫ್‌ಸಿ 896ರಲ್ಲಿ ಒಂದು ಉಪಾಯ ಬರೆದರು: ಕಳಿಸಿದ್ದಕ್ಕೆ ಇನ್ನೂ ಸ್ವೀಕೃತಿ ಬಂದಿಲ್ಲವಾದರೆ ಮುಂದಿನ ಸಣ್ಣ ತುಂಡನ್ನು ಹಿಡಿದಿಟ್ಟುಕೋ. ಚಿಲ್ಲರೆ ಪ್ಯಾಕೆಟ್‌ಗಳಿಂದ ಜಾಲ ಕಟ್ಟಿಕೊಳ್ಳಬಾರದು ಅಂತ. ಅತ್ತ ಕಡೆಯ ಯಂತ್ರ ಇನ್ನೊಂದು ಉಪಾಯ ಮಾಡುತ್ತದೆ: ಸ್ವೀಕೃತಿಯನ್ನು ತಕ್ಷಣ ಕಳಿಸದೆ, ಉತ್ತರದ ಜೊತೆಗೇ ಕಳಿಸಿದರಾಯಿತು ಅಂತ ಕೊಂಚ ಕಾಯುತ್ತದೆ. ಈಗ ನೀನು 20 ಬೈಟಿನ ಹೆಡರನ್ನು ಒಂದು ರೈಟ್‌ನಲ್ಲಿ, 100 ಬೈಟಿನ ಕೋರಿಕೆಯನ್ನು ಇನ್ನೊಂದು ರೈಟ್‌ನಲ್ಲಿ ಕಳಿಸಿದೆ ಅನ್ನು. ಹೆಡರ್ ಹೊರಟಿತು. ಕೋರಿಕೆ ನಿನ್ನ ಕಡೆಯೇ ನಿಂತಿತು, ಸ್ವೀಕೃತಿ ಬರಲಿ ಅಂತ. ಆ ಕಡೆಯವನು ಸ್ವೀಕೃತಿ ಕಳಿಸುತ್ತಿಲ್ಲ, ಪೂರ್ತಿ ಕೋರಿಕೆ ಬಂದರೆ ಉತ್ತರದ ಜೊತೆ ಕಳಿಸೋಣ ಅಂತ. ಇಬ್ಬರೂ ಮರ್ಯಾದೆಯಿಂದ ಒಬ್ಬರಿಗೊಬ್ಬರು ಕಾಯುತ್ತಾ ಕೂತಿದ್ದಾರೆ.

— ಎಷ್ಟು ಹೊತ್ತು?

— ಬಿಎಸ್‌ಡಿ ಮೂಲದ ಯಂತ್ರಗಳಲ್ಲಿ 200 ಮಿಲಿಸೆಕೆಂಡ್‌ವರೆಗೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 40. ಪ್ರೊಸೆಸರ್ ಖಾಲಿ, ಜಾಲ ಖಾಲಿ, ಪುಟ ಮಾತ್ರ ನಿಧಾನ. ಜನ ಕೂಡಲೇ ಟಿಸಿಪಿ ನೋಡಿಲೇ ಅನ್ನುವ ಗುಂಡಿ ಒತ್ತಿ ನೇಗಲ್‌ರ ಉಪಾಯವನ್ನೇ ಆರಿಸಿಬಿಡುತ್ತಾರೆ. ಅದರ ಅಗತ್ಯ ಇರುವ ಕಡೆ ಇದೆ. ಆದರೆ ಇಲ್ಲಿ ತಪ್ಪು ನೇಗಲ್‌ರದಲ್ಲ. ಒಂದೇ ಮಾತನ್ನು ಎರಡಾಗಿ ಮುರಿದು ಹೇಳಿದವನದು. ಎರಡನ್ನೂ ಒಂದೇ ರೈಟ್‌ವಿಗೆ ಕೊಟ್ಟಿದ್ದರೆ 120 ಬೈಟು ಒಟ್ಟಿಗೆ ಹೊರಟು ಹೋಗುತ್ತಿತ್ತು. ಎನ್‌ಜಿನ್‌ಎಕ್ಸ್‌ನಂಥ ವೆಬ್ ಸರ್ವರುಗಳು ತಮ್ಮ ಬಫರ್ ಸರಪಳಿಯನ್ನು ರೈಟ್‌ವಿ ಪಟ್ಟಿಯಾಗಿ ಕಟ್ಟಿ ಕಳಿಸುವುದು ಸುಮ್ಮನೆ ಅಲ್ಲ.

— ಒಂದೇ ಮಾತು ಅಂದಿರಿ. ಅಂದರೆ ರೈಟ್‌ವಿ ಬರೆದದ್ದು ನಡುವೆ ಒಡೆಯುವುದಿಲ್ಲ ಅಂತಲೇ? ಲಾಗ್ ಫೈಲಿನಲ್ಲಿ ನನಗೆ ಬೇಕಾದದ್ದು ಅದೇ. ಆರು ಪ್ರೋಸೆಸ್ ಒಂದೇ ಲಾಗ್‌ಗೆ ಬರೆಯುತ್ತವೆ. ಸಮಯ, ಸಂದೇಶ, ಸಾಲಿನ ಕೊನೆ, ಈ ಮೂರನ್ನು ಮೂರು ರೈಟ್ ಮಾಡಿದರೆ ಒಬ್ಬರ ಸಮಯದ ಮುಂದೆ ಇನ್ನೊಬ್ಬರ ಸಂದೇಶ ಬಂದು ಕೂರುತ್ತದೆ.

— ಅಲ್ಲಿ ರೈಟ್‌ವಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಫೈಲನ್ನು ಅಪೆಂಡ್ ಬಾವುಟ ಹಾಕಿ ತೆರೆದು, ಮೂರನ್ನೂ ಒಂದೇ ರೈಟ್‌ವಿಯಲ್ಲಿ ಕೊಟ್ಟರೆ, ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್‌ಗಳಲ್ಲಿ ನಡುವೆ ಇನ್ನೊಬ್ಬರು ನುಸುಳುವುದಿಲ್ಲ. ನನ್ನ ಪ್ರಕಾರ ಈ ಕಾಲ್‌ನ ದೊಡ್ಡ ಗುಣ ಇದು. ವೇಗ ಆಮೇಲಿನದು. ತುಂಡುಗಳು ಮೆಮೊರಿಯಲ್ಲಿ ಎಲ್ಲಾದರೂ ಇರಲಿ, ಹೊರಗಿನವರಿಗೆ ಅದು ಒಂದು ಬರಹ.

— ಪೈಪಿಗೂ ಇದೇ ಮಾತು?

— ಪೈಪಿಗೆ ಮಿತಿ ಇದೆ. ಪೈಪ್‌ಬಫ್ ಅಂತ ಒಂದು ಸಂಖ್ಯೆ. ಲಿನಕ್ಸ್‌ನಲ್ಲಿ 4,096 ಬೈಟ್, ಪೋಸಿಕ್ಸ್ ಮಾನದಂಡ ಒಪ್ಪುವ ಕನಿಷ್ಠ 512. ಪಟ್ಟಿಯ ಒಟ್ಟು ಉದ್ದ ಅದರೊಳಗಿದ್ದರೆ ಒಡೆಯುವುದಿಲ್ಲ. ಅದನ್ನು ಮೀರಿದರೆ ಬೇರೆಯವರ ಬೈಟು ನಡುವೆ ಬರಬಹುದು. ನೆನಪಿಡು, ಒಂದೊಂದು ತುಂಡಿನ ಉದ್ದವಲ್ಲ, ಒಟ್ಟು ಉದ್ದ. ಇನ್ನೊಂದು: ನಡುವೆ ಯಾರೂ ನುಸುಳುವುದಿಲ್ಲ ಅನ್ನುವುದಕ್ಕೂ, ಕರೆಂಟು ಹೋದರೆ ಪೂರ್ತಿ ಇರುತ್ತದೆ ಇಲ್ಲವೇ ಏನೂ ಇರುವುದಿಲ್ಲ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಡೇಟಾಬೇಸ್ ಕಟ್ಟುವವರು ಕಲಿಯುವ ಮೊದಲ ಪಾಠ ಇದು. ಡಿಸ್ಕಿನ ಮೇಲೆ ಅರ್ಧ ಉಳಿಯಬಹುದು. ಅಷ್ಟು ದೂರ ಹೋಗುವುದೇ ಬೇಡ. ಕರೆಂಟು ಇದ್ದಾಗಲೂ ರೈಟ್‌ವಿ ಅರ್ಧಕ್ಕೇ ವಾಪಸ್ ಬರಬಹುದು.

— ಅರ್ಧಕ್ಕೆ ಅಂದರೆ?

— ನಿನ್ನ 8,494 ಬೈಟನ್ನೇ ಸಾಕೆಟ್‌ಗೆ ಕಳಿಸು. ಸಾಕೆಟ್ ನಾನ್‌ಬ್ಲಾಕಿಂಗ್ ಇದೆ, ಕರ್ನಲ್‌ನ ಕಳಿಸುವ ಬಫರಿನಲ್ಲಿ 5,000 ಬೈಟಿಗಷ್ಟೇ ಜಾಗ ಇದೆ. ರೈಟ್‌ವಿ 5,000 ಅಂತ ಹೇಳಿ ಹಿಂದಿರುಗುತ್ತದೆ. ಅದು ತಪ್ಪಲ್ಲ, ದೋಷವೂ ಅಲ್ಲ. ಇಷ್ಟು ಹೋಯಿತು, ಉಳಿದದ್ದು ನಿನ್ನ ಜವಾಬ್ದಾರಿ ಅಂತ. ಈಗ ಏನು ಮಾಡುತ್ತೀಯ?

— ಉಳಿದದ್ದನ್ನು ಮತ್ತೆ ಕಳಿಸುತ್ತೇನೆ.

— ಉಳಿದದ್ದು ಯಾವುದು?

— 8,494ರಲ್ಲಿ 5,000 ಕಳೆದರೆ 3,494 ಬೈಟು.

— ಎಷ್ಟು ಅಂತ ಕೇಳಲಿಲ್ಲ. ಯಾವುದು ಅಂತ ಕೇಳಿದೆ. ಕರ್ನಲ್ ನಿನಗೆ ಕೊಟ್ಟದ್ದು ಒಂದೇ ಸಂಖ್ಯೆ. ಎಷ್ಟನೆಯ ಬಫರ್, ಅದರೊಳಗೆ ಎಲ್ಲಿ ನಿಂತಿತು ಅಂತ ಹೇಳಲಿಲ್ಲ. ನಿನ್ನ ಪಟ್ಟಿಯನ್ನೂ ಅದು ತಿದ್ದುವುದಿಲ್ಲ. ಕೊಟ್ಟ ಹಾಗೇ ಇರುತ್ತದೆ. ಲೆಕ್ಕ ನಿನ್ನದು.

— ತಾಳಿ. ಮೊದಲ ಬಫರ್ 300 ಪೂರ್ತಿ ಹೋಗಿದೆ. ಇನ್ನು 4,700 ಎರಡನೆಯದರಿಂದ ಹೋಗಿರಬೇಕು. ಎರಡನೆಯದರಲ್ಲಿ 3,492 ಉಳಿದಿದೆ, ಮೂರನೆಯದರ 2 ಹಾಗೇ ಇದೆ. ಆದ್ದರಿಂದ ಪಟ್ಟಿಯ ಮೊದಲ ಸಾಲನ್ನು ಬಿಟ್ಟು, ಎರಡನೆಯ ಸಾಲಿನ ವಿಳಾಸವನ್ನು 4,700 ಮುಂದೆ ಸರಿಸಿ, ಉದ್ದವನ್ನು ಅಷ್ಟೇ ಕಡಿಮೆ ಮಾಡಿ, ಎರಡು ಸಾಲಿನ ಪಟ್ಟಿಯಾಗಿ ಮತ್ತೆ ಕರೆಯಬೇಕು.

— ಅಷ್ಟೇ. ಆದರೆ ಈ ಅಷ್ಟೇ ಅನ್ನುವುದನ್ನು ಜನ ಎಷ್ಟು ಥರದಲ್ಲಿ ಕೆಡಿಸುತ್ತಾರೆ ಗೊತ್ತೇ? ಕೆಲವರು ಹಿಂದಿರುಗಿದ ಸಂಖ್ಯೆಯನ್ನೇ ನೋಡುವುದಿಲ್ಲ. ಕೆಲವರು ನೋಡಿ, ಪೂರ್ತಿ ಹೋಗಿಲ್ಲವೆಂದು ಇಡೀ ಪಟ್ಟಿಯನ್ನು ಮೊದಲಿನಿಂದ ಕಳಿಸುತ್ತಾರೆ. ಓದುವವನಿಗೆ ಹೆಡರ್ ಎರಡು ಸಲ ಸಿಗುತ್ತದೆ. ಕೆಲವರು ವಿಳಾಸ ಸರಿಸಿ ಉದ್ದ ಕಡಿಮೆ ಮಾಡುವುದನ್ನು ಮರೆಯುತ್ತಾರೆ. ಬಫರಿನ ಆಚೆ ಇದ್ದ ಯಾರದೋ ಡೇಟಾ ಜಾಲಕ್ಕೆ ಸೋರುತ್ತದೆ. ಪಟ್ಟಿಯನ್ನು ಸ್ಥಿರವಾಗಿ ಇಟ್ಟುಕೊಂಡು ಪ್ರತಿ ಸಲ ಬಳಸುವವರು ಅದನ್ನೇ ತಿದ್ದಿಬಿಟ್ಟು ಮುಂದಿನ ಸಲಕ್ಕೆ ಹಾಳು ಮಾಡಿಕೊಳ್ಳುತ್ತಾರೆ. ಸರಿಯಾಗಿ ಬರೆದದ್ದನ್ನು ನೋಡಬೇಕೆಂದರೆ ಮಸ್ಲ್ ಎಂಬ ಸಿ ಗ್ರಂಥಾಲಯದ ಒಳಗೆ ನೋಡು. ಆಲ್ಪೈನ್ ಲಿನಕ್ಸ್ ನಿಂತಿರುವುದು ಅದರ ಮೇಲೆ. ಅಲ್ಲಿ ಒಂದು ಸಾಧಾರಣ ಪ್ರಿಂಟ್‌ಎಫ್ ಪ್ರೋಗ್ರಾಮನ್ನು ಎಸ್‌ಟ್ರೇಸ್ ಕೆಳಗೆ ಓಡಿಸಿದರೆ ರೈಟ್ ಕಾಣುವುದಿಲ್ಲ, ರೈಟ್‌ವಿ ಕಾಣುತ್ತದೆ. ಮೊದಲೇ ಬಫರಿನಲ್ಲಿ ಕೂಡಿಟ್ಟದ್ದು ಒಂದು ಸಾಲು, ಈಗ ಹೊಸದಾಗಿ ಬಂದದ್ದು ಇನ್ನೊಂದು ಸಾಲು, ಎರಡನ್ನೂ ಒಟ್ಟಿಗೆ ಕಳಿಸುತ್ತದೆ. ಅರ್ಧಕ್ಕೆ ನಿಂತರೆ ನೀನು ಈಗ ಬಾಯಲ್ಲಿ ಹೇಳಿದ ಲೆಕ್ಕವನ್ನೇ ಕೆಲವೇ ಸಾಲಿನಲ್ಲಿ ಮಾಡುತ್ತದೆ.

— ಬೇರೆ ಭಾಷೆಗಳಲ್ಲಿ ಈ ತಲೆನೋವು ಇರಲಿಕ್ಕಿಲ್ಲ.

— ಕೆಲವು ಭಾಷೆ ತಲೆನೋವನ್ನು ತಾನು ಹೊರುತ್ತದೆ, ಕೆಲವು ನಿನಗೇ ಬಿಡುತ್ತದೆ. ಜಾವಾದಲ್ಲಿ 2002ರ 1.4 ಆವೃತ್ತಿಯಿಂದ ಬಫರುಗಳ ಸಾಲನ್ನು ಬರೆಯುವ ಚಾನೆಲ್‌ಗಳಿವೆ. ಅಲ್ಲಿ ಪ್ರತಿ ಬಫರೂ ತಾನು ಎಲ್ಲಿಗೆ ನಿಂತಿದ್ದೇನೆ ಅನ್ನುವುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಗೋ 2017ರಲ್ಲಿ 1.8ರ ಜೊತೆ ನೆಟ್ ಬಫರ್ಸ್ ತಂದಿತು. ಬರೆದಷ್ಟನ್ನೂ ಪಟ್ಟಿಯಿಂದ ತಾನೇ ತೆಗೆಯುತ್ತದೆ. ರಸ್ಟ್ 2019ರಲ್ಲಿ ತಂದದ್ದು ತಮಾಷೆಯಾಗಿದೆ: ಬರೆಯುವ ವಸ್ತು ತನ್ನದೇ ಜಾರಿ ಕೊಡದಿದ್ದರೆ, ಪಟ್ಟಿಯಲ್ಲಿ ಖಾಲಿಯಲ್ಲದ ಮೊದಲ ಬಫರನ್ನಷ್ಟೇ ಬರೆದು ಹಿಂದಿರುಗುತ್ತದೆ. ಕರಾರಿನ ಪ್ರಕಾರ ಅದೂ ಸರಿಯೇ. ಎಷ್ಟು ಬರೆದೆ ಅಂತ ಹೇಳಿದರೆ ಸಾಕು ಅಂತ ತಾನೇ ಕರಾರು.

— ಪಟ್ಟಿ ಎಷ್ಟು ಉದ್ದ ಇರಬಹುದು?

— ಲಿನಕ್ಸ್‌ನಲ್ಲಿ 1,024 ಸಾಲು. ಹಳೆಯ 2.0 ಕರ್ನಲ್‌ನಲ್ಲಿ 16 ಇತ್ತು. ಮೀರಿದರೆ ಒಂದು ಬೈಟೂ ಬರೆಯದೆ ಇನ್ವ್ಯಾಲಿಡ್ ಅಂತ ತಿರಸ್ಕರಿಸುತ್ತದೆ. ಒಂದು ಕರೆಗೆ ಒಟ್ಟು ಬೈಟುಗಳ ಮಿತಿ ಬೇರೆ: 2,14,74,79,552. ಅದನ್ನು ಮೀರಿದರೆ ಬೈಯುವುದಿಲ್ಲ, ಅಷ್ಟನ್ನೇ ಬರೆದು ಅಷ್ಟೇ ಅಂತ ಹೇಳುತ್ತದೆ. ಒಂದು ಮಿತಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ. ಯೂನಿಕ್ಸ್ ಅಂದರೆ ಹೀಗೇ.

— ನೀವು ಬರೀ ರೈಟ್‌ವಿ ಹೊಗಳುತ್ತಿದ್ದೀರಿ. ರೀಡ್‌ವಿಯ ಮಾತೇ ಇಲ್ಲ.

— ಯಾಕೆಂದರೆ ಅದರ ಉಪಯೋಗ ಕಡಿಮೆ. ಬರೆಯುವವನಿಗೆ ತನ್ನ ತುಂಡುಗಳ ಅಳತೆ ಗೊತ್ತು. ಓದುವವನಿಗೆ ಬರುವುದರ ಅಳತೆ ಗೊತ್ತಿರುವುದು ಅಪರೂಪ. ಹೆಡರ್ ಒಂದಕ್ಕೆ, ಒಡಲು ಇನ್ನೊಂದಕ್ಕೆ ಅಂತ ರೀಡ್‌ವಿ ಬರೆದ ಉದಾಹರಣೆಗಳು ಪಠ್ಯಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತವೆ, ಹೆಡರಿನ ಉದ್ದ ಬದಲಾಗುವ ಕಡೆ ಅವು ನಡೆಯುವುದಿಲ್ಲ. ಆದರೂ ಎರಡು ಕಡೆ ನನಗೆ ತುಂಬ ಇಷ್ಟ. ಒಂದು, ನೆಟ್‌ವರ್ಕ್ ಸರ್ವರಿನ ಒಂದು ಯುಕ್ತಿ. ಹತ್ತು ಸಾವಿರ ಸಂಪರ್ಕ ಇವೆ. ಒಂದೊಂದಕ್ಕೂ 64 ಕಿಲೋಬೈಟಿನ ಬಫರ್ ಇಟ್ಟರೆ 600 ಮೆಗಾಬೈಟಿಗೂ ಹೆಚ್ಚು ಮೆಮೊರಿ ಸುಮ್ಮನೆ ಬಿದ್ದಿರುತ್ತದೆ. ಚಿಕ್ಕದು ಇಟ್ಟರೆ ಹೆಚ್ಚು ಡೇಟಾ ಬಂದಾಗ ಪದೇ ಪದೇ ಓದಬೇಕು. ಮುಡುವೊ ಎಂಬ ಸಿ++ ಗ್ರಂಥಾಲಯ ಏನು ಮಾಡುತ್ತದೆ ಅಂದರೆ, ಸಂಪರ್ಕಕ್ಕೆ ಚಿಕ್ಕ ಬಫರ್ ಕೊಟ್ಟು, ರೀಡ್‌ವಿಯ ಎರಡನೆಯ ಸಾಲಿನಲ್ಲಿ ಸ್ಟ್ಯಾಕ್ ಮೇಲಿನ 64 ಕಿಲೋಬೈಟ್ ಜಾಗ ಕೊಡುತ್ತದೆ. ಹೆಚ್ಚಿನ ಸಲ ಬಂದದ್ದೆಲ್ಲ ಚಿಕ್ಕದರಲ್ಲೇ ಹಿಡಿಸುತ್ತದೆ. ಉಕ್ಕಿದಾಗ ಮಾತ್ರ ಸ್ಟ್ಯಾಕ್ ಮೇಲಿದ್ದದ್ದನ್ನು ಆ ಸಂಪರ್ಕದ ಬಫರಿಗೆ ಸೇರಿಸಿ, ಅದನ್ನು ಬೆಳೆಸುತ್ತದೆ. ಆ 64 ಕಿಲೋಬೈಟು ಎಲ್ಲ ಸಂಪರ್ಕಗಳಿಗೂ ಸರದಿಯ ಮೇಲೆ ಸಿಗುವ ಒಂದೇ ಜಾಗ.

— ಚೆನ್ನಾಗಿದೆ. ಇನ್ನೊಂದು?

— ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಪುಟ 8 ಕಿಲೋಬೈಟಿನದು. ಟೇಬಲ್ಲನ್ನು ಮೊದಲಿನಿಂದ ಓದುವಾಗ ಫೈಲಿನಲ್ಲಿ ಪುಟಗಳು ಒಂದರ ಪಕ್ಕ ಒಂದು ಇರುತ್ತವೆ. ಆದರೆ ಮೆಮೊರಿಯಲ್ಲಿ ಅವು ಹೋಗಿ ಕೂರಬೇಕಾದ ಜಾಗಗಳು ಹಂಚಿಹೋಗಿರುತ್ತವೆ. ಎಲ್ಲಿ ಖಾಲಿ ಸಿಕ್ಕಿತೋ ಅಲ್ಲಿ. ಹಾಗಾಗಿ ಬಹಳ ಕಾಲ ಒಂದು ಪುಟಕ್ಕೆ ಒಂದು ಸಿಸ್ಟಮ್ ಕಾಲ್ ಮಾಡುತ್ತಿದ್ದರು. 2024ರ 17ನೇ ಆವೃತ್ತಿಯಲ್ಲಿ ಪಕ್ಕಪಕ್ಕದ ಪುಟಗಳನ್ನು ಕೂಡಿಸಿ ಒಂದೇ ಪಿರೀಡ್‌ವಿಯಲ್ಲಿ ಓದಲು ಶುರು ಮಾಡಿದರು. ಮೂಲ ಸೆಟ್ಟಿಂಗ್ 128 ಕಿಲೋಬೈಟ್, ಅಂದರೆ 16 ಪುಟ. ಫೈಲಿನಲ್ಲಿ ಒಂದು ಸಾಲು, ಮೆಮೊರಿಯಲ್ಲಿ ಹದಿನಾರು ದಿಕ್ಕು. ರೀಡ್‌ವಿಗೆ ಹೇಳಿ ಮಾಡಿಸಿದಂಥ ಕೆಲಸ. ಅಳತೆ ಮೊದಲೇ ಗೊತ್ತಿದೆ ನೋಡು, ಅದೇ ಮುಖ್ಯ.

— ಪಿರೀಡ್‌ವಿ ಅಂದಿರಿ, ರೀಡ್‌ವಿ ಅಲ್ಲ.

— ಫೈಲಿನ ಯಾವ ಜಾಗದಿಂದ ಅಂತ ಜೊತೆಗೇ ಹೇಳುವ ಆವೃತ್ತಿ. ಲಿನಕ್ಸ್‌ನಲ್ಲಿ 2009ರ 2.6.30ರಿಂದ ಇದೆ. ಹತ್ತು ಥ್ರೆಡ್ ಒಂದೇ ಫೈಲ್ ಓದುವಾಗ ಫೈಲಿನಲ್ಲಿ ಎಲ್ಲಿದ್ದೇವೆ ಅಂತ ತೋರಿಸುವ, ಎಲ್ಲರಿಗೂ ಸೇರಿದ ಒಂದೇ ಮುಳ್ಳನ್ನು ಹಿಂದೆ ಮುಂದೆ ತಿರುಗಿಸುತ್ತಾ ಜಗಳವಾಡಬೇಕಿಲ್ಲ. ಅದರ ಬಗ್ಗೆ ಇನ್ನೇನೂ ಹೇಳುವುದಕ್ಕಿಲ್ಲ.

— ಒಂದು ಅನುಮಾನ. ಉಳಿದ ಬೈಟುಗಳ ಲೆಕ್ಕ ಇಷ್ಟು ಕಷ್ಟವೇ? ಅಂದರೆ, ಜಾಗ್ರತೆಯಿಂದ ಬರೆದರೆ ಹತ್ತು ಸಾಲಿನ ಕೆಲಸ. ನೀವು ಸ್ವಲ್ಪ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ.

— ಕರ್ನಲ್ ಬರೆಯುವವರು ಜಾಗ್ರತೆಯಿಂದ ಬರೆಯುತ್ತಾರೆ ಅಂತ ಒಪ್ಪುತ್ತೀಯ?

— ಒಪ್ಪುತ್ತೇನೆ.

— ಹಾಗಾದರೆ ಸಿವಿಇ-2015-1805 ಎಂಬ ಭದ್ರತಾ ದೋಷದ ಕತೆ ಕೇಳು. ಹಳೆಯ ಲಿನಕ್ಸ್‌ನಲ್ಲಿ ಪೈಪಿನಿಂದ ರೀಡ್‌ವಿ ಮಾಡಿದರೆ ಕರ್ನಲ್ ತನ್ನ ಕಡೆಗೆ ನಕಲು ಮಾಡಿಕೊಂಡ ಪಟ್ಟಿಯನ್ನು ತಿದ್ದುತ್ತಾ ಹೋಗುತ್ತಿತ್ತು. ಇಷ್ಟು ಬೈಟು ಕೊಟ್ಟಾಯಿತು, ವಿಳಾಸ ಮುಂದೆ ಸರಿಸು, ಉದ್ದ ಕಡಿಮೆ ಮಾಡು. ನೀನು ಈಗ ಹೇಳಿದ್ದೇ ಲೆಕ್ಕ. ಇದರ ಜೊತೆಗೆ ಇನ್ನೊಂದು ತೊಡಕಿತ್ತು. ಮೊದಲು ಅವಸರದ ದಾರಿಯಲ್ಲಿ ನಕಲು ಮಾಡಲು ನೋಡುತ್ತಿತ್ತು. ಆ ದಾರಿಯಲ್ಲಿ ನಿದ್ದೆ ಮಾಡುವಂತಿಲ್ಲ. ಓದುವವನ ಬಫರಿನ ಪುಟ ಆ ಹೊತ್ತಿಗೆ ಮೆಮೊರಿಯಲ್ಲಿ ಇಲ್ಲದಿದ್ದರೆ ನಕಲು ನಡುವೆಯೇ ಸೋಲುತ್ತದೆ. ಆಗ ನಿಧಾನದ ದಾರಿಯಲ್ಲಿ ಅದೇ ತುಂಡನ್ನು ಮತ್ತೊಮ್ಮೆ ಮಾಡುತ್ತಿತ್ತು.

— ಸೋತ ಪ್ರಯತ್ನ ಪಟ್ಟಿಯನ್ನು ಅರ್ಧ ತಿದ್ದಿಬಿಟ್ಟಿರುತ್ತದೆ!

— ಹಿಡಿದೆ. ಅಂಗಡಿಯವನು ಚೀಟಿಯ ಎರಡು ಸಾಲು ಹೊಡೆದುಹಾಕಿದ, ಚೀಲ ಹರಿಯಿತು, ಹೊಸ ಚೀಲ ತೆಗೆದುಕೊಂಡ. ಕಟ್ಟಬೇಕಾದ ತೂಕ ಮೊದಲಿನಷ್ಟೇ ಅಂದುಕೊಂಡ, ಚೀಟಿ ಮಾತ್ರ ಮೂರನೆಯ ಸಾಲಿನಿಂದ ಓದಿದ. ತೂಕಕ್ಕೂ ಚೀಟಿಗೂ ತಾಳೆಯಾಗಲಿಲ್ಲ. ಚೀಟಿ ಮುಗಿದ ಮೇಲೂ ತೂಕ ಉಳಿದಿತ್ತು. ಅವನು ಚೀಟಿಯ ಕೆಳಗೆ ಮೇಜಿನ ಮೇಲೆ ಏನು ಬರೆದಿತ್ತೋ ಅದನ್ನೇ ಮುಂದಿನ ಸಾಲು ಅಂತ ಓದತೊಡಗಿದ.

— ಅಂದರೆ ಪಟ್ಟಿಯ ಆಚೆಗಿನ ಮೆಮೊರಿಯನ್ನು ಐಒವೆಕ್ ಅಂತ ಓದಿತು. ಆ ಸಾಲುಗಳ ವಿಳಾಸವನ್ನು ಯಾರೂ ಪರೀಕ್ಷಿಸಿರುವುದಿಲ್ಲ.

— ಪರೀಕ್ಷೆ ಆಗಿದ್ದು ನೀನು ಕೊಟ್ಟ ಸಾಲುಗಳಿಗೆ ಮಾತ್ರ. ಆಚೆಗಿನ ಜಾಗದಲ್ಲಿ ಏನಿರಬೇಕು ಅನ್ನುವುದನ್ನು ದಾಳಿ ಮಾಡುವವನು ಮೊದಲೇ ಸಿದ್ಧಮಾಡಿಟ್ಟರೆ, ಪೈಪಿನಲ್ಲಿ ತಾನು ತುಂಬಿದ ಬೈಟುಗಳನ್ನು ಕರ್ನಲ್‌ನ ಮೆಮೊರಿಯಲ್ಲಿ ತನಗೆ ಬೇಕಾದ ಕಡೆ ಬರೆಸಬಹುದು. ಆಮೇಲೆ ಯಂತ್ರ ಅವನದು. ಈ ದೋಷ ಮೂಲ ಕರ್ನಲ್‌ನಲ್ಲಿ 2014ರ ಏಪ್ರಿಲ್‌ನಲ್ಲೇ ಸರಿಹೋಗಿತ್ತು. ಆದರೆ ಅದನ್ನು ಭದ್ರತೆಯ ದೋಷ ಅಂತ ಯಾರೂ ಕರೆದಿರಲಿಲ್ಲ. 2015ರ ಫೆಬ್ರುವರಿಯಲ್ಲಿ ಸಿವಿಇ ಸಂಖ್ಯೆ ಸಿಕ್ಕಿತು. ಆಂಡ್ರಾಯ್ಡ್ ಫೋನುಗಳು ಆಗಲೂ 3.4, 3.10, 3.14ರ ಹಳೆಯ ಕರ್ನಲ್‌ಗಳ ಮೇಲೆ ಓಡುತ್ತಿದ್ದವು. 2016ರ ಫೆಬ್ರುವರಿಯಲ್ಲಿ ಇದನ್ನು ಆಂಡ್ರಾಯ್ಡ್ ಮೇಲೂ ಬಳಸಬಹುದು ಅಂತ ಕೋರ್ ಟೀಮ್ ಎಂಬ ಭದ್ರತಾ ಸಂಶೋಧಕರ ತಂಡ ಗೂಗಲ್‌ಗೆ ತಿಳಿಸಿತು. ಮಾರ್ಚ್ 15ರಂದು ಜಿಂಪೀರಿಯಂ ಕಂಪನಿ, ನೆಕ್ಸಸ್ 5ರ ಮೇಲೆ ಅದು ಈಗಾಗಲೇ ನಡೆಯುತ್ತಿದೆ ಅಂತ ವರದಿ ಮಾಡಿತು. ಫೋನನ್ನು ರೂಟ್ ಮಾಡುವ ಆ್ಯಪ್ ಒಂದು ಇದನ್ನು ಬಳಸುತ್ತಿತ್ತು. ಮಾರ್ಚ್ 18ಕ್ಕೆ ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಸೂಚನೆ ಕೊಡುವ ತನ್ನ ವಾಡಿಕೆಯನ್ನು ಬಿಟ್ಟು ತುರ್ತು ಸೂಚನೆ ಹೊರಡಿಸಬೇಕಾಯಿತು.

— ಎರಡು ವರ್ಷ.

— ಮೂಲದಲ್ಲಿ ಸರಿಹೋಗಿ ಹತ್ತಿರಹತ್ತಿರ ಎರಡು ವರ್ಷ. ಅದು ಬೇರೆಯೇ ಕತೆ, ಫೋನ್ ತಯಾರಕರು ಕರ್ನಲ್‌ಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು. ಅದನ್ನು ಶುರು ಮಾಡಿದರೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ, ಬಿಡು.

— ಮೂಲದಲ್ಲಿ ಸರಿಮಾಡಿದ್ದು ಹೇಗೆ? ಸೋತ ಪ್ರಯತ್ನವನ್ನು ಹಿಂದಕ್ಕೆ ತಿರುಗಿಸುವ ಕೋಡ್ ಸೇರಿಸಿದರೇ?

— ಅಲ್ಲ, ಅದಕ್ಕಿಂತ ಚೆನ್ನಾಗಿ. ಲಿನಕ್ಸ್ 3.16ರ ಹೊತ್ತಿಗೆ ಕರ್ನಲ್ ಬರೆಯುವವರಲ್ಲೊಬ್ಬರಾದ ಆಲ್ ವಿರೊ ಪೈಪಿನ ಓದು ಬರಹವನ್ನೆಲ್ಲ ಐಒವಿ-ಐಟರ್ ಎಂಬ ವ್ಯವಸ್ಥೆಗೆ ಬದಲಾಯಿಸಿದರು. ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಈಗ ಎಷ್ಟನೆಯ ಸಾಲು, ಆ ಸಾಲಿನಲ್ಲಿ ಎಷ್ಟು ಒಳಗೆ, ಒಟ್ಟು ಇನ್ನೆಷ್ಟು ಬಾಕಿ, ಈ ಮೂರನ್ನೂ ಒಂದೇ ಕಡೆ ಇಟ್ಟರು. ನಕಲು ಮಾಡುವ ಕೆಲಸ ಎಷ್ಟು ಆಯಿತೋ ಅಷ್ಟಕ್ಕೇ ಮೂರೂ ಒಟ್ಟಿಗೆ ಮುಂದೆ ಸರಿಯುತ್ತವೆ. ತೂಕ ಒಂದು ಕಡೆ, ಚೀಟಿ ಇನ್ನೊಂದು ಕಡೆ ಅನ್ನುವುದೇ ಹೋಯಿತು. ಹಳೆಯ ಪೈಪ್ ಕೋಡಿನಲ್ಲಿದ್ದ ಕೈಲೆಕ್ಕ ಪೂರ್ತಿ ಮಾಯವಾಯಿತು.

— ಹಾಗಾದರೆ ನನ್ನ ಲೂಪಿನಲ್ಲೂ ಪಟ್ಟಿಯನ್ನು ತಿದ್ದುವ ಬದಲು ಹೀಗೇ ಮೂರು ಸಂಖ್ಯೆ ಇಟ್ಟುಕೊಂಡು, ಪ್ರತಿ ಕರೆಗೂ ಹೊಸದಾಗಿ ಪಟ್ಟಿ ಕಟ್ಟಿಕೊಳ್ಳುವುದು ಮೇಲು.

— ಎಂಟು ಸಾಲಿನೊಳಗಿನ ಪಟ್ಟಿಗೆ ಅದರ ಖರ್ಚು ಏನೂ ಇಲ್ಲ. ಹಾಗೇ ಮಾಡು.

— ಬರೆದ ಮೇಲೆ ಪರೀಕ್ಷಿಸುವುದು ಹೇಗೆ? ನನ್ನ ಯಂತ್ರದಲ್ಲಿ ಸಾಕೆಟ್ ಯಾವಾಗಲೂ ಪೂರ್ತಿ ನುಂಗಿಬಿಡುತ್ತದೆ. ಅರ್ಧಕ್ಕೆ ನಿಲ್ಲುವುದು ನಿಜವಾದ ಬಳಕೆದಾರನ ನಿಧಾನದ ಜಾಲದಲ್ಲಿ ಮಾತ್ರ.

— ಪೈಪ್ ತೆಗೆದುಕೋ. ಲಿನಕ್ಸ್‌ನಲ್ಲಿ ಅದರ ಹೊಟ್ಟೆ ಸಾಮಾನ್ಯವಾಗಿ 65,536 ಬೈಟು. ಬರೆಯುವ ತುದಿಯನ್ನು ನಾನ್‌ಬ್ಲಾಕಿಂಗ್ ಮಾಡು. ಓದುವ ತುದಿಯನ್ನು ಮುಟ್ಟಬೇಡ. 300, 70,000, 2 ಬೈಟಿನ ಮೂರು ಬಫರ್ ಕೊಡು. ಒಟ್ಟು 70,302. ರೈಟ್‌ವಿ 65,536 ಅಂತ ಹಿಂದಿರುಗುತ್ತದೆ. ನಿನ್ನ ಲೂಪು ಎರಡನೆಯ ಬಫರಿನಲ್ಲಿ 4,764 ಮತ್ತು ಮೂರನೆಯದರಲ್ಲಿ 2 ಉಳಿದಿದೆ ಅಂತ ಹೇಳಬೇಕು. ಬೇರೆ ಏನು ಹೇಳಿದರೂ ತಪ್ಪು.

— ತಕ್ಷಣ ಮತ್ತೆ ಕರೆದರೆ ಜಾಗ ಇಲ್ಲದೆ ಇ-ಅಗೇನ್ ದೋಷ ಬರುತ್ತದೆ.

— ಬರಬೇಕು. ಆಗ ಲೂಪಿನಲ್ಲೇ ಗಿರಕಿ ಹೊಡೆಯುತ್ತಾ ಪ್ರೊಸೆಸರ್ ಕಾಯಿಸಬೇಡ; ಜಾಗವಾದಾಗ ಎಬ್ಬಿಸು ಅಂತ ಪೋಲ್‌ಗೆ ಹೇಳಿ ಮಲಗು. ಆಮೇಲೆ ಓದುವ ತುದಿಯಿಂದ ಒಂದು ಸಲಕ್ಕೆ 4,096ರಂತೆ ತೆಗೆಯುತ್ತಾ ಹೋಗು. ಕೊನೆಗೆ ಬಂದದ್ದನ್ನೆಲ್ಲ ಜೋಡಿಸಿ ಮೂಲದ ಜೊತೆ ಬೈಟು ಬೈಟು ಹೋಲಿಸು.

— ಬಫರುಗಳಿಗೆ ಎಲ್ಲದಕ್ಕೂ ಸೊನ್ನೆ ತುಂಬಿದರೆ ಎಡವಟ್ಟು ಗೊತ್ತೇ ಆಗುವುದಿಲ್ಲ ಅಲ್ಲವೇ?

— ಒಂದೊಂದಕ್ಕೂ ಬೇರೆ ಬೇರೆ ತುಂಬು. ಎರಡನೆಯದಕ್ಕಂತೂ ಏರುತ್ತಾ ಹೋಗುವ ಸಂಖ್ಯೆಗಳನ್ನು ತುಂಬು, ಎಷ್ಟು ಬೈಟು ಜಾರಿದೆ ಅನ್ನುವುದು ಕಣ್ಣಿಗೇ ಬೀಳುತ್ತದೆ.